ಕೈ ಇಲ್ಲದ ಕುರ್ಚಿ

ಮೊನ್ನೆ ಪರೀಕ್ಷೆಯ ಹಾಲಿನಲ್ಲಿ ಪೆನ್ನಿಗೆಂದು ಕಂಪಾಸ್ ಬಾಕ್ಸಿಗೆ ಕೈ ಹಾಕಿದರೆ, ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದು ಬೆರಳು ಕಚ್ಚಿಕೊಂಡು ಹೊರಗೆ ಬಂತು. ಮೇಲ್ವಿಚಾರಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಳಗೆ ಚೀಟಿ ಇಲ್ಲವೆಂದು ಖಾತ್ರಿಯಾದ ಮೇಲೂ ನನ್ನ ಮುಖ ನೋಡಿ ನಂಬಿಕೆ ಬರದೆ, ಅದನ್ನು ತಮ್ಮ ಮೇಜಿನ ಮೇಲೆ ಕೈದಿಯಂತೆ ಕೂಡಿಸಿದರು. ನಾನು ಅರ್ಥಶಾಸ್ತ್ರ ಬಿಟ್ಟು ಅದನ್ನೇ ನೋಡುತ್ತ ಕುಳಿತೆ. ನಿಮಗೆ ಅದು ಬರೀ ಕ್ಲಿಪ್. ನನಗೆ ಅದು ಹೋದ ಏಪ್ರಿಲ್ಲು, ಅಫಜಲಪುರದ ಮೈದಾನ, ಬಾಬಾಸಾಹೇಬರ ಜಯಂತಿಯ ಸಂಜೆ. ಬಿಸಿಗಾಳಿಗೆ ನನ್ನ ಮುಂದಿದ್ದ ಸ್ವರದ ಹಾಳೆ ಹಾರಿ ಸೊಲ್ಲಾಪುರ ಮುಟ್ಟದಂತೆ ಹಿಡಿದು ನಿಂತದ್ದು ಆ ಕ್ಲಿಪ್ಪು.

ಹೌದು, ನನ್ನ ಮುಂದೆ ಸ್ವರದ ಹಾಳೆ ಇತ್ತು. ನಾನು ಮೂರು ತಾಲೂಕಿನ ವಾದ್ಯವೃಂದದಲ್ಲಿ ಬಾರಿಸಿದವನು. ಈ ಸಂಗತಿ ನಿಮಗೆ ಈಗಾಗಲೇ ತಿಳಿದಿರಬಹುದು. ಗೊಬ್ಬೂರಿನಿಂದ ಗಾಣಗಾಪುರದವರೆಗೆ ನಾನು ಇದನ್ನು ಹೇಳದೆ ಬಿಟ್ಟದ್ದು ಎಮ್ಮೆಗಳಿಗೆ ಮಾತ್ರ, ಅದರಲ್ಲೂ ನಮ್ಮ ಮನೆಯ ಎಮ್ಮೆಗೆ ಗೊತ್ತು.

ಇದೆಲ್ಲ ಶುರುವಾದದ್ದು ಸುಜಾತಾ ಮೇಡಂ ಅವರಿಂದ. ಅವರು ಕಲಬುರಗಿಯಲ್ಲಿ ವಾಯಲಿನ್ ಕಲಿಸುತ್ತಾರೆ, ಅವರ ತಂದೆಯ ಊರು ಜೇವರ್ಗಿ ಕಡೆಯದು. ಆಳಂದ, ಅಫಜಲಪುರ, ಜೇವರ್ಗಿಯ ಮದುವೆ ಬ್ಯಾಂಡುಗಳನ್ನೂ ತಮ್ಮ ವಾಯಲಿನ್ ಮಕ್ಕಳನ್ನೂ ಒಂದೇ ವೇದಿಕೆಗೆ ತಂದು, ಜಯಂತಿಯ ಸಂಜೆ ಎಲ್ಲರಿಗೂ ಪುಕ್ಕಟೆಯಾಗಿ ಕೇಳಿಸಬೇಕೆಂದು ಅವರಿಗೆ ಹೊಳೆಯಿತು. ಟಿಕೆಟಿಲ್ಲ, ಭಾಷಣವಿಲ್ಲ, ಹಾರ ಹಾಕುವ ಮುಖ್ಯ ಅತಿಥಿಯಿಲ್ಲ. ಇದನ್ನು ಕೇಳಿ ನಮ್ಮ ಮುತ್ಯಾ ಹೇಳಿದ ಮೊದಲ ಮಾತು, "ಫುಕಟ್ ಅಂತಾರಂದ್ರ ನಡುವ ಎಲ್ಲೋ ಕುಕ್ಕರ್ ಮಾರ್ತಾರ ನೋಡು."

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಅವನ ಕಿರಿಮಗ, ನನ್ನ ಕಾಕಾ, ಗೊಬ್ಬೂರಿನ ಬ್ಯಾಂಡ್ ಮಾಸ್ತರ. ಕಾಕಾ ಕ್ಲಾರ್ನೆಟ್ ಊದುತ್ತಾನೆ. ಅವನ ಕೆಂಪು ಕೋಟನ್ನು ಯಾವ ಕಾಲದಲ್ಲೋ ಯಾರೋ ದಪ್ಪನೆಯ ಮನುಷ್ಯನಿಗೆ ಹೊಲಿದಿದ್ದರು; ಅದನ್ನು ಹಾಕಿಕೊಂಡು ಕಾಕಾ ಎಡಕ್ಕೆ ತಿರುಗಿದರೆ ಕೋಟು ಸ್ವಲ್ಪ ಹೊತ್ತು ಬಿಟ್ಟು ತಿರುಗುತ್ತದೆ. ಆ ಬ್ಯಾಂಡಿನಲ್ಲಿ ನಾನು ತಾಳ ಬಡಿಯುವವನು. ಜನ ನನ್ನನ್ನು ನೋಡುವುದಕ್ಕೇ ಮದುವೆಗೆ ಬರುತ್ತಿದ್ದರು ಎಂದು ನಾನು ಹೇಳುವುದಿಲ್ಲ, ನೀವೇ ವಿಚಾರಿಸಿಕೊಳ್ಳಿ.

ಮೊದಲ ತಾಲೀಮು ಆಳಂದದ ಒಂದು ಶಾಲೆಯಲ್ಲಿ. ಜೇವರ್ಗಿ ಬ್ಯಾಂಡಿನವರು ಬಂದಿಳಿದ ಬಸ್ಸಿನಲ್ಲಿ ಜೇವರ್ಗಿಯಲ್ಲಿ ಇರುವುದಕ್ಕಿಂತ ಹೆಚ್ಚು ಜನರಿದ್ದರು. ಎಲ್ಲರನ್ನೂ ಮೇಡಂ ಸಾಲಾಗಿ ಕುರ್ಚಿಯ ಮೇಲೆ ಕೂಡಿಸಿದರು. ಅಲ್ಲೇ ಕೆಟ್ಟಿತು. ಮದುವೆ ಬ್ಯಾಂಡಿನವರು ಹುಟ್ಟಿನಿಂದ ನಡೆಯುತ್ತ ಬಾರಿಸಿದವರು. ಕೂಡಿಸಿದರೆ ಅವರ ತಾಳವೂ ಕೂತುಬಿಡುತ್ತದೆ. ಕೈ ಶುರುವಾದ ತಕ್ಷಣ ಎಲ್ಲರ ಕಾಲೂ ಶುರುವಾಯಿತು. ಆಳಂದದ ಟ್ರಂಪೆಟ್ಟಿನವನು ಕುರ್ಚಿಯನ್ನೂ ಕಟ್ಟಿಕೊಂಡೇ ಮುಂದೆ ಮುಂದೆ ಸರಿದ. ಹಾಡು ಮುಗಿಯುವ ಹೊತ್ತಿಗೆ ಅವನು ಬಾಗಿಲು ದಾಟಿ, ಶಾಲೆಯ ಬಿಸಿಯೂಟದ ಕೋಣೆಯ ಹತ್ತಿರ ಇದ್ದ.

ಸಣ್ಣಗೆ ಬಾರಿಸಿ ಎಂದು ಮೇಡಂ ಕೈ ಎತ್ತಿದರೆ ಬ್ಯಾಂಡು ಇನ್ನೂ ಜೋರಾಯಿತು. ಮೆರವಣಿಗೆಯಲ್ಲಿ ಕೈ ಎತ್ತುವವನು ಕುಣಿಯುವವನು. ಅವನು ಕೈ ಎತ್ತಿದರೆ ಏರಿಸಬೇಕು, ಅದು ನಮ್ಮ ಶಾಸ್ತ್ರ. ಮೇಡಂ ಎರಡೂ ಕೈ ಎತ್ತಿದರು. ಗೋಡೆಯ ಮೇಲಿದ್ದ ಹಲ್ಲಿ ಶಾಲೆ ಬಿಟ್ಟು ಹೋಯಿತು.

ಕೊನೆಗೆ ಕಾಕಾ ಹಾಳೆ ಹಿಡಿದುಕೊಂಡು ಎದ್ದು ನಿಂತ.

"ಮೇಡಂ, ಇದನ್ನ ಎಲ್ಲಿತನಕ ಬಾರಿಸಬೇಕ್ರಿ?"

"ಈ ಗೆರೆ ತನಕ."

"ಗೆರಿ ಅಲ್ರಿ. ಯಾರ ಮನಿ ತನಕ?"

ಮೇಡಂ ಹಾಳೆ ನೋಡಿದರು, ಕಾಕಾನನ್ನು ನೋಡಿದರು, ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಅವನ ಮುಂದೆಯೇ ಕುಳಿತರು.

"ನಿಮ್ಮೂರಾಗ ಮೆರವಣಿಗಿ ಎಲ್ಲಿಂದ ಹೊಂಡ್ತದ, ಹೇಳ್ರಿ."

"ಹನುಮಪ್ಪನ ಗುಡಿಯಿಂದ್ರಿ. ಹಿಟ್ಟಿನ ಗಿರಣಿ, ಪೆಟ್ರೋಲ್ ಪಂಪ್, ಆಮ್ಯಾಲ ಮಂಟಪ."

ಮೇಡಂ ಕೆಂಪು ಪೆನ್ಸಿಲಿನಿಂದ ಸ್ವರಗಳ ಮೇಲೆ ಬರೆದರು: ಗುಡಿ, ಗಿರಣಿ, ಪಂಪ್, ಮಂಟಪ. "ಗುಡಿಯಿಂದ ಆರಾಮ ಬರ್ರಿ. ಗಿರಣಿ ಬಂದ ಕೂಡ್ಲೇ ಸಣ್ಣಗ ಊದ್ರಿ, ಬಾಜೂ ಮನ್ಯಾಗ ಕೂಸು ಮಲಗ್ಯಾದ. ಪಂಪ್ ದಾಟಿದ ಮ್ಯಾಲ ನಿಮ್ಮ ಮನಸ್ಸು." ಜೇವರ್ಗಿಯವರು ನಮ್ಮ ಮೆರವಣಿಗೆಯ ದಾರಿಯಲ್ಲಿ ಪಂಪಿಲ್ಲ ಎಂದು ತಕರಾರು ತೆಗೆದರು. ಅವರ ಹಾಳೆಯ ಮೇಲೆ ಪಂಪಿನ ಜಾಗದಲ್ಲಿ ಆಲದ ಗಿಡ ಬಂತು. ಮತ್ತೆ ಶುರು ಮಾಡಿದರು. ಗಿರಣಿ ಬಂದಾಗ ಅಷ್ಟೂ ಪಿತ್ತಾಳೆ ವಾದ್ಯಗಳು, ಖರೇನೇ ಯಾವುದೋ ಕೂಸು ಮಲಗಿದ್ದ ಹಾಗೆ, ದನಿ ಇಳಿಸಿದವು.

ಆಗ ಅವುಗಳ ಅಡಿಯಿಂದ ವಾಯಲಿನ್ ಕೇಳಿಸಿತು. ಅಷ್ಟು ಹೊತ್ತು ಅವು ಅಲ್ಲೇ ಇದ್ದವು, ನಾವೇ ತುಳಿದುಕೊಂಡು ನಿಂತಿದ್ದೆವು. ಆ ಮಕ್ಕಳ ಮಧ್ಯೆ ಒಬ್ಬಳು ತನ್ನಷ್ಟೇ ಎತ್ತರದ ದೊಡ್ಡ ವಾಯಲಿನ್ನನ್ನು ನೆಲಕ್ಕೆ ಊರಿಕೊಂಡು ಕೂತಿದ್ದಳು. ಅದಕ್ಕೆ ಚೆಲ್ಲೊ ಅನ್ನುತ್ತಾರೆ. ಅವಳು ಎಳೆದ ಒಂದೇ ಒಂದು ಸ್ವರ ನನ್ನ ಕಿವಿಗೆ ಬರಲಿಲ್ಲ. ನೆಲದಿಂದ ಕುರ್ಚಿಯ ಕಾಲಿಗೆ, ಕುರ್ಚಿಯಿಂದ ನನ್ನ ಬೆನ್ನಿಗೆ ಬಂತು. ತಾಳ ಬಡಿಯುವುದನ್ನೇ ಮರೆತೆ. ನನ್ನಂಥವನ ಬಾಯಿ ಮುಚ್ಚಿಸಲು ನಮ್ಮ ಕಾಲೇಜಿನವರು ಏನೇನೋ ಮಾಡಿ ನೋಡಿದ್ದಾರೆ. ಒಂದು ಚೆಲ್ಲೊ ತರಿಸಿದ್ದರೆ ಸಾಕಿತ್ತು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಊಟದ ಹೊತ್ತಿನಲ್ಲಿ ನಾನು ಸುಮ್ಮನೆ ಬೆಂಚಿನ ಮೇಲೆ ಬೆರಳು ಬಡಿಯುತ್ತಿದ್ದೆ. ಮೇಡಂ ಡಬ್ಬಿ ಮುಚ್ಚಿ ಬಂದು ನಿಂತರು.

"ಇದು ಹಲಗಿ ಪೆಟ್ಟು. ಯಾರು ಕಲಿಸಿದ್ರು ನಿನಗ?"

"ಯಾರೂ ಇಲ್ರಿ ಮೇಡಂ. ಹುಟ್ಟತಾನೇ ಬಂದದ."

ಬಾಜೂ ಕೂತಿದ್ದ ಕಾಕಾನ ರೊಟ್ಟಿ ಕೈಯಲ್ಲೇ ನಿಂತಿತು. ಆ ಪೆಟ್ಟು ಎಲ್ಲಿಂದ ಬಂತೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಮಧ್ಯಾಹ್ನ ಮುತ್ಯಾ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿದಾಗ ಅವನ ಬೆರಳು ಹೊರಸಿನ ಕಟ್ಟಿಗೆಯ ಮೇಲೆ ಹೀಗೇ ಆಡುತ್ತವೆ. ಎಚ್ಚರವಾದರೆ ನಿಲ್ಲುತ್ತವೆ. ನಾನು ಚಿಕ್ಕಂದಿನಿಂದ ಅದನ್ನು ನೋಡಿ ನೋಡಿ ಕಲಿತೆ. ಮುತ್ಯಾನಿಗೆ ಮಾತ್ರ ಅದು ಗೊತ್ತಿಲ್ಲ. ಯಾಕೆಂದರೆ ಮುತ್ಯಾ ಹಲಗಿ ಮುಟ್ಟುವುದಿಲ್ಲ.

ಇಲ್ಲಿ ಸ್ವಲ್ಪ ನಗು ಬದಿಗಿಡುತ್ತೇನೆ. ಹಲಗಿ ಎಂದರೆ ಕಟ್ಟಿಗೆಯ ಬಳೆಗೆ ತೊಗಲು ಬಿಗಿದ ವಾದ್ಯ, ಹೆಗಲಿಗೆ ಹಾಕಿಕೊಂಡು ಎರಡು ಕಡ್ಡಿಗಳಿಂದ ಬಡಿಯುವುದು. ಮುತ್ಯಾನ ಹರೆಯದಲ್ಲಿ ಊರಿನ ಹಲಗಿ ನಮ್ಮ ಮನೆಗೆ ಗಂಟುಬಿದ್ದಿತ್ತು. ಗೌಡರ ಮನೆಯಲ್ಲಿ ಯಾರಾದರೂ ಸತ್ತರೆ ಬಡಿಯಬೇಕು, ಡಂಗುರಕ್ಕೆ ಬಡಿಯಬೇಕು, ಊರ ದೇವರ ಮುಂದೆ ಬಡಿಯಬೇಕು. ಬಿಸಿಲೇ ಇರಲಿ, ಮಳೆಯೇ ಇರಲಿ, ಕಟ್ಟೆಯ ಕೆಳಗೆ ನಿಂತೇ ಬಡಿಯಬೇಕು. ಊರು ಕಟ್ಟೆಯ ಮೇಲೆ ಕೂತು ಕೇಳುತ್ತಿತ್ತು. ಆಮೇಲೆ ದೂರದಿಂದ ಧೋತರದ ಸೆರಗಿಗೆ ರೊಟ್ಟಿ ಎಸೆಯುತ್ತಿದ್ದರು. ಬಾಬಾಸಾಹೇಬರ ಮಾತು ನಮ್ಮ ಓಣಿಗೆ ಬಂದು ಮುಟ್ಟಿದ ವರ್ಷ ಮುತ್ಯಾ ಮತ್ತು ಅವನ ಜೊತೆಯವರು ಹಲಗಿಗಳನ್ನೆಲ್ಲ ಒಯ್ದು ಭೀಮಾ ಹೊಳೆಗೆ ಬಿಟ್ಟು ಬಂದರು. ಅವು ಮುಳುಗಲಿಲ್ಲವಂತೆ, ತೇಲುತ್ತ ತೇಲುತ್ತ ಹೋದವಂತೆ. ಕಣ್ಮರೆಯಾಗುವವರೆಗೆ ನಿಂತು ನೋಡಿದರಂತೆ, ಎಲ್ಲಿ ಹೊಳ್ಳಿ ಬರುತ್ತವೋ ಎಂದು. ಊರು ಅದಕ್ಕೆ ಕೊಟ್ಟ ಶಿಕ್ಷೆಯ ಮಾತನ್ನು ಮುತ್ಯಾ ಹೇಳುವುದಿಲ್ಲ. ಅವನ ಎಡಗೈಯ ಮೊಣಕೈ ಪೂರ್ತಿ ಮಡಚುವುದಿಲ್ಲ, ಅಷ್ಟೇ ನಮಗೆ ಗೊತ್ತು.

ಕಾಕಾ ಕ್ಲಾರ್ನೆಟ್ ಹಿಡಿದದ್ದೂ ಅದಕ್ಕೇ, ಅದರಲ್ಲಿ ತೊಗಲಿಲ್ಲ. ಆದರೂ ಮುತ್ಯಾ ಒಂದು ದಿನವೂ ಕಾಕಾ ಊದಿದ್ದನ್ನು ಕೇಳಲು ಬಂದವನಲ್ಲ. ಮಂದಿಯ ಮನೆ ಮುಂದೆ ನಿಂತು ಬಾರಿಸುವುದು ಬ್ಯಾಂಡಾದರೇನು, ಹಲಗಿಯಾದರೇನು ಅನ್ನುತ್ತಿದ್ದ. ಈ ಸಲ ಮಾತ್ರ ಮಂದಿಯ ಮನೆಯಿಲ್ಲ, ಬಾಬಾಸಾಹೇಬರ ಜಯಂತಿ, ಈ ಸಲ ಅಪ್ಪ ಬಂದೇ ಬರುತ್ತಾನೆ ಎಂದು ಕಾಕಾ ಆಸೆ ಕಟ್ಟಿಕೊಂಡಿದ್ದ. ಅಂಥದ್ದರಲ್ಲಿ ಮೇಡಂ ತಮ್ಮ ಕೊನೆಯ ಹಾಡಿಗೆ ಹಲಗಿ ಬೇಕು, ಅದನ್ನು ಮಿಲಿಂದನೇ ಬಾರಿಸಲಿ ಎಂದುಬಿಟ್ಟರು. ಮಿಲಿಂದ ಎಂದರೆ ನಾನು.

"ನೀ ಹೇಳು ಅಪ್ಪಗ," ಅಂದ ಕಾಕಾ ಬಸ್ಸಿನಲ್ಲಿ. "ನಿನ್ನ ಮ್ಯಾಲ ಪ್ರೀತಿ ಜಾಸ್ತಿ."

"ನೀ ಮಗ, ನೀ ಹೇಳು."

"ನನಗ ಹೊಡೀತಾನಲೇ."

ಕೊನೆಗೆ ನಾನೇ ಹೇಳಿದೆ. ಮುತ್ಯಾ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದ. ಮೇಡಂ ನನ್ನ ಕೈಗೆ ಹಲಗಿ ಕೊಡುತ್ತಾರಂತೆ ಎಂದೆ. ಅವನು ತಲೆ ಎತ್ತಲಿಲ್ಲ.

"ಯಾರರ ಸತ್ತಾರೇನು?"

"ಇಲ್ಲ ಮುತ್ಯಾ. ಬಾಬಾಸಾಹೇಬರ ಜಯಂತಿಗಿ."

"ಅವರು ನಮ್ಮ ಕೈಯಾಗಿಂದ ಬಿಡಿಸಿದ್ರು. ನೀ ಅವರ ಮುಂದನ ಹಿಡಕೊಂಡು ಹೋಗಂವ." ಒಂದು ಹರಳು ಆರಿಸಿ ಎಸೆದ. "ಎಲ್ಲಿ ನಿಲ್ಲಸ್ತಾರ ನಿನಗ?"

ನಾನು ಹುಮ್ಮಸ್ಸಿನಲ್ಲಿ ಮೇಡಂ ಬರೆದ ನಕ್ಷೆ ವಿವರಿಸಿದೆ. ಮುಂದೆ ವಾಯಲಿನ್ನಿನವರು ಕೂಡುತ್ತಾರೆ, ನಡುವೆ ಊದುವವರು ಕೂಡುತ್ತಾರೆ, ಬಡಿಯುವ ವಾದ್ಯದವರು ಎಲ್ಲರಿಗಿಂತ ಹಿಂದೆ ನಿಲ್ಲುತ್ತಾರೆ, ವಿಲಾಯತಿಯಲ್ಲೂ ಹೀಗೇ.

"ಹಿಂದ. ನಿಂತು."

"ಹೂಂ."

"ಹಂಗಾರ ವಿಲಾಯತ್ಯಾಗೂ ಗೌಡ್ರ ಅದಾರ ಅಂದಂಗಾಯ್ತು." ಮೊರ ಕೆಳಗಿಟ್ಟ. "ನಾ ಬರಂಗಿಲ್ಲ. ನೀ ಬಡಿದ್ರ ಬಡಿ, ನಾ ಬ್ಯಾಡ ಅನ್ನಂಗಿಲ್ಲ. ಆ ಹಲಗಿ ತಗೊಂಡು ಈ ಹೊಸ್ತಿಲ ದಾಟಬ್ಯಾಡ, ಅಷ್ಟ."

ಮುತ್ಯಾ ಬಯ್ದಿದ್ದರೆ ನಾನು ಅದನ್ನೂ ಕಥೆ ಮಾಡಿ ಹೇಳುತ್ತಿದ್ದೆ. ಅವನು ಬಯ್ಯಲಿಲ್ಲ. ಕಾಕಾ ಅವತ್ತು ರಾತ್ರಿ ಊಟಕ್ಕೆ ಬರಲಿಲ್ಲ. ಮರುದಿನ ಮೇಡಂಗೆ ಫೋನ್ ಮಾಡಿ, ನಾವಿಬ್ಬರೂ ಇರುವುದಿಲ್ಲ, ಅಪ್ಪ ಇಲ್ಲದ ಜಯಂತಿ ನನಗೆ ಬೇಡ ಅಂದ.

ಮೇಡಂ ಸಂಜೆಗೆ ಸ್ಕೂಟಿ ಮೇಲೆ ಗೊಬ್ಬೂರಿಗೆ ಬಂದರು. ಕಲಬುರಗಿಯಿಂದ ಬರುವ ಅಷ್ಟೂ ಧೂಳು ಅವರ ಮೇಲಿತ್ತು. ಮುತ್ಯಾ ಚಹಾ ತರಿಸಿದ, ಹೊರಸಿನ ಮೇಲೆ ಕೂಡಿಸಿದ.

"ಹಲಗಿ ಸಪ್ಪಳ ಜೋರ್ರಿ ಮುತ್ಯಾ," ಅಂದರು ಮೇಡಂ. "ಮುಂದಿಟ್ಟರ ಉಳಿದವ್ರ ದನಿ ಕೇಳ್ಸಂಗಿಲ್ಲ. ಅದಕ್ಕ ಹಿಂದ ಇಡೋದು."

"ಅದಕ್ಕ ಯವ್ವಾ, ನಮಗೂ ಊರ ಹೊರಗ ಇಟ್ಟಿದ್ರು. ನಮ್ಮ ದನಿ ಜೋರಂತ."

ಮೇಡಂ ಚಹಾದ ಕಪ್ಪು ಕೆಳಗಿಟ್ಟರು. "ನನ್ನ ಗುರುಗಳು ಹಂಗ ಕೂಡಸ್ತಿದ್ರು, ನಾನೂ ಹಂಗ ಕೂಡಿಸಿದೆ," ಅಂದರು. "ವಿಚಾರ ಮಾಡಿರಲಿಲ್ರಿ. ಎಲ್ಲಿ ಕೂಡಸ್ಲಿ, ನೀವ ಹೇಳ್ರಿ."

"ಮುಂದ. ಕುರ್ಚಿ ಮ್ಯಾಲ."

"ಹಲಗಿ ಬಡಿಲಾಕ ಕುರ್ಚಿ ತ್ರಾಸ ಆಗ್ತದ್ರಿ. ಸ್ಟೂಲ್ ನಡೀತದೇನು?"

"ಸ್ಟೂಲ್ ಮ್ಯಾಲ ಕುಂತು ಎಮ್ಮಿ ಹಿಂಡ್ತಾರ. ಬೆನ್ನಿಗಿ ಆಸರಿ ಇರೋ ಕುರ್ಚಿ ಬೇಕು."

"ಹಂಗ ಮಾಡಿದ್ರ ಬರ್ತೀರಿ?"

"ಗೇಟ್ ತನಕ ಬರ್ತೇನಿ. ಅಲ್ಲಿಂದ ನೋಡ್ತೇನಿ. ಕುರ್ಚಿ ಮ್ಯಾಲ ಕಂಡ್ರ ಒಳಗ. ಇಲ್ಲಂದ್ರ ಅಲ್ಲಿಂದನ ಹೊಳ್ಳತೇನಿ."

ಈಗ ನನ್ನ ಕಷ್ಟ ಕೇಳಿ. ಮೂರು ತಾಲೂಕಿನಲ್ಲಿ ಬಾಡಿಗೆಗೆ ಸಿಗುವ ಕುರ್ಚಿಗಳೆಲ್ಲ ಪ್ಲಾಸ್ಟಿಕ್ಕಿನವು, ಎಲ್ಲಕ್ಕೂ ಎರಡು ಕೈ. ಹಲಗಿ ತೊಡೆಯ ಮೇಲಿಟ್ಟರೆ ಬಲಗಡೆಯ ಕೈ ಕಡ್ಡಿಗೆ ಅಡ್ಡ, ಎಡಗಡೆಯ ಕೈ ಹಲಗಿಗೇ ಅಡ್ಡ. ಮೊದಲ ದಿನ ನಾನು ಹಲಗಿಗಿಂತ ಹೆಚ್ಚು ಕುರ್ಚಿಯನ್ನೇ ಬಾರಿಸಿದೆ. ಸಲೂನಿನ ಕುರ್ಚಿ ನೋಡಿದೆವು, ಅದು ತಿರುಗುತ್ತದೆ. ಕಲ್ಯಾಣ ಮಂಟಪದ ಮದುಮಗನ ಕುರ್ಚಿ ನೋಡಿದೆವು. ಅದರಲ್ಲಿ ಕೂತಾಗ ನನಗೆ ತುಂಬಾ ಒಪ್ಪುತ್ತಿತ್ತು, ಆದರೆ ಎರಡೂ ಕಡೆ ಸಿಂಹಗಳಿದ್ದವು. ಕೊನೆಗೆ ಕಾಕಾ ಪೆಂಡಾಲಿನ ಬಸಣ್ಣನ ಕುರ್ಚಿಯೊಂದನ್ನು ಮನೆ ಹಿಂದೆ ಒಯ್ದು, ಕಬ್ಬಿಣ ಕೊಯ್ಯುವ ಗರಗಸದಿಂದ ಅದರ ಎರಡೂ ಕೈ ಕೊಯ್ದುಬಿಟ್ಟ.

"ನನ್ನ ಕುರ್ಚಿ ಕೈ ಎಲ್ಲಿ ಹೋದ್ವಲೇ?" ಅಂದ ಬಸಣ್ಣ.

"ಬಾಬಾಸಾಹೇಬರಿಗಿ ಮುಗದಾವ," ಅಂದ ಕಾಕಾ.

ಬಸಣ್ಣ ಅದರ ಮೇಲೆ ತಾನೇ ಕೂತು ನೋಡಿದ, ಹಿಂದಕ್ಕೆ ಮುಂದಕ್ಕೆ ಓಲಾಡಿದ. "ಮುರದ್ರ ಹುಡುಗನ ಬಿಲ್ಲಿಗಿ ಹಚ್ಚತೇನಿ," ಅಂದು ಹೋದ. ಮೇಡಂ ನನ್ನ ಭಾಗವನ್ನು ಬದಲಿಸಿದರು. ಮೊದಲು ಕಡ್ಡಿ ಇಲ್ಲ, ಬರೀ ಬೆರಳು. ವಾಯಲಿನ್ನಿನ ಪಕ್ಕದಲ್ಲೇ ಕೂತು ಅದಕ್ಕಿಂತ ಸಣ್ಣಗೆ ಬಾರಿಸಬೇಕು. ಜೋರು ಮಾಡುವುದು ನನ್ನ ರಕ್ತದಲ್ಲೇ ಇದೆ, ಸಣ್ಣಗೆ ಮಾಡುವುದನ್ನು ಆ ಎರಡು ವಾರದಲ್ಲಿ ಕಲಿತೆ. ಪೂರ್ತಿ ಕಲಿತೆ ಎಂದು ನಮ್ಮವ್ವ ಒಪ್ಪುವುದಿಲ್ಲ.

ಜಯಂತಿಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಮೈದಾನ ತುಂಬಿತ್ತು. ಟ್ರ್ಯಾಕ್ಟರಿನಲ್ಲಿ ಬಂದವರು, ಜಿಡಗಾ ಕಡೆಯಿಂದ ಟೆಂಪೊ ಮಾಡಿಕೊಂಡು ಬಂದವರು, ಗಾಣಗಾಪುರಕ್ಕೆ ದರ್ಶನಕ್ಕೆಂದು ಬಂದು ದಾರಿಯಲ್ಲಿ ಜನ ಕಂಡು ಇಳಿದ ಮಹಾರಾಷ್ಟ್ರದವರು. ಚಾಪೆ ಹಾಸಿದ್ದರು, ಬುತ್ತಿ ಬಿಚ್ಚಿದ್ದರು, ನೀಲಿ ಬಾವುಟ ಹಿಡಿದ ಮಕ್ಕಳು ಅದರಿಂದಲೇ ಹೊಡೆದಾಡುತ್ತಿದ್ದವು. ಬ್ಯಾಂಡಿನವರು ಕೋಟು ಬಿಟ್ಟು ಬಿಳಿ ಅಂಗಿ ಹಾಕಿದ್ದರು. ಕೋಟಿಲ್ಲದ ಕಾಕಾ ಅರ್ಧ ಕಾಕಾನಂತೆ ಕಾಣುತ್ತಿದ್ದ. ನಾನು ನೀರಿನ ಟ್ಯಾಂಕರಿನ ಹಿಂದೆ ಹುಲ್ಲು ಉರಿಸಿ ಹಲಗಿ ಕಾಸಿದೆ. ಕಾಸದಿದ್ದರೆ ತೊಗಲು ಬಿಗಿಯುವುದಿಲ್ಲ, ದನಿ ಏಳುವುದಿಲ್ಲ. ಆಮೇಲೆ ಹೋಗಿ ಎಲ್ಲರಿಗಿಂತ ಮುಂದೆ, ಮೇಡಂ ಕೈಯಳತೆಯಲ್ಲಿ, ನನ್ನ ಕೈ ಇಲ್ಲದ ಕುರ್ಚಿಯ ಮೇಲೆ ಕುಳಿತೆ. ಗೇಟು ನೋಡಿದೆ. ಗೇಟಿನಲ್ಲಿ ಬಿಳಿ ಪಟಗ ಸುತ್ತಿದ ತಲೆಗಳು ಎಷ್ಟೊಂದು. ಮುತ್ಯಾ ಕಾಣಲಿಲ್ಲ. ಹಿಂದೆ ಕಾಕಾನ ಕಡೆ ತಿರುಗಿದರೆ ಅವನೂ ಗೇಟನ್ನೇ ನೋಡುತ್ತಿದ್ದ.

ಮೇಡಂ ಕೈ ಎತ್ತಿದರು. ಯಾರೂ ಜೋರು ಮಾಡಲಿಲ್ಲ.

ನಾನು ಏನನ್ನೇ ಆದರೂ ಮೂರು ಪಟ್ಟು ಮಾಡಿ ಹೇಳುವವನು ಎಂದು ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿದೆ. ಮುಂದಿನದನ್ನು ಹೇಗೆ ಹೆಚ್ಚು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಓಣಿಯಲ್ಲಿ ಜಯಂತಿಯ ದಿನ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಬಾಬಾಸಾಹೇಬರಿಗೆ ಜೋಗುಳ ಹಾಡುತ್ತಾರೆ. ಮೇಡಂ ಆ ದಾಟಿಯನ್ನು ಎಲ್ಲೋ ಕೇಳಿ ಕೊನೆಯ ಹಾಡಿನಲ್ಲಿ ವಾಯಲಿನ್ನಿಗೆ ಕೊಟ್ಟಿದ್ದರು. ಮೊದಲ ಎಳೆತಕ್ಕೇ ಮೈದಾನದ ಮಕ್ಕಳು ಹೊಡೆದಾಟ ನಿಲ್ಲಿಸಿದವು. ಎರಡನೆಯ ಸಲ ಅದೇ ದಾಟಿ ಬಂದಾಗ ಚಾಪೆಗಳ ಕಡೆಯಿಂದ ಗುಂಯ್ ಅನ್ನುವ ಸದ್ದೊಂದು ಎದ್ದಿತು. ಹೆಣ್ಣುಮಕ್ಕಳು ಹಾಡುತ್ತಿದ್ದರು. ಯಾರೂ ಹಾಡಿರೆಂದು ಹೇಳಿರಲಿಲ್ಲ. ಬಾಯಿ ತೆರೆದೂ ಹಾಡುತ್ತಿರಲಿಲ್ಲ, ತೊಡೆಯ ಮೇಲೆ ಮಲಗಿದ ಕೂಸುಗಳನ್ನು ತಟ್ಟುತ್ತ ಗಂಟಲಲ್ಲೇ ಹಾಡುತ್ತಿದ್ದರು. ಆ ದನಿ ಮೈದಾನದ ಆ ತುದಿಯಿಂದ ನಮ್ಮ ಕಡೆ ಬಂತು, ನಮ್ಮ ದನಿ ಅತ್ತ ಹೋಯಿತು. ಮೇಡಂ ಎತ್ತಿದ ಕೈ ಇಳಿಸಿದರು. ವಾದ್ಯವೃಂದ ನಿಲ್ಲಲಿಲ್ಲ. ಅದನ್ನು ಆಗ ನಡೆಸುತ್ತಿದ್ದವರು ಅವರಾಗಿರಲಿಲ್ಲ.

ಗಿರಣಿ ದಾಟಿತು, ಪಂಪ್ ದಾಟಿತು. ಕಾಕಾನ ಕ್ಲಾರ್ನೆಟ್ ಜೋಗುಳವನ್ನು ವಾಯಲಿನ್ನಿನಿಂದ ಇಸಿದುಕೊಂಡು ಮೇಲೆ ಎತ್ತಿತು. ಸಾವಿರ ಮದುವೆಯಲ್ಲಿ ಕೇಳಿದ ಕ್ಲಾರ್ನೆಟ್ ಅದು. ಅವತ್ತು ಅದು ಯಾರ ಮನೆಗೂ ಹೋಗುತ್ತಿರಲಿಲ್ಲ. ಮೇಡಂ ನನ್ನ ಕಡೆ ನೋಡಿದರು.

ನಾನು ಬೆರಳಿಟ್ಟೆ. ಹೊರಸಿನ ಕಟ್ಟಿಗೆಯ ಮೇಲೆ ಕೇಳಿದಷ್ಟೇ ಸಣ್ಣಗೆ. ಗೇಟಿನ ಕಡೆ ನೋಡಬಾರದು ಎಂದುಕೊಂಡೆ, ನೋಡಲಿಲ್ಲ. ಹಲಗಿಯ ದನಿ ಗೊತ್ತಾದ ಕೂಡಲೇ ಚಾಪೆಗಳ ಮೇಲಿನ ಹಿರಿಯರ ತಲೆಗಳು ಒಂದೊಂದಾಗಿ ಎದ್ದವು. ಆಮೇಲೆ ಕಡ್ಡಿ ಹಿಡಿದೆ. ಟ್ರಂಪೆಟ್ಟು, ಚೆಲ್ಲೊ, ಕಾಕಾ, ಹೆಣ್ಣುಮಕ್ಕಳು, ಎಲ್ಲರೂ ನನ್ನ ಪೆಟ್ಟಿನ ಮೇಲೆ ಕಾಲಿಟ್ಟು ಬಂದರು. ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ಕೊನೆಯ ಪೆಟ್ಟು ಬಿದ್ದು, ಅದು ಹೋಗಿ ದೂರದ ನೀರಿನ ಟಾಕಿಗೆ ತಾಗಿ ಮತ್ತೆ ನಮ್ಮ ಬಳಿ ಬರುವವರೆಗೆ ಯಾರೂ ಅಲುಗಾಡಲಿಲ್ಲ.

ಆಮೇಲೆ ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಚಾಪೆಯವರು, ಟ್ರ್ಯಾಕ್ಟರಿನ ಮೇಲಿದ್ದವರು, ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ದೊಡ್ಡ ಮಂದಿ, ಅವರಲ್ಲಿ ನಮ್ಮೂರ ಗೌಡರ ಮಗನೂ ಇದ್ದ, ಎಲ್ಲರೂ ನಿಂತು ಚಪ್ಪಾಳೆ ಹೊಡೆದರು. ನಾನು ಕಡ್ಡಿ ಕೆಳಗಿಟ್ಟು ಗೇಟು ನೋಡಿದೆ. ಗೇಟು ಖಾಲಿ ಇತ್ತು. ಹೊಳ್ಳಿ ಹೋದ ಅಂದುಕೊಂಡೆ. ನಗುವುದಕ್ಕೆಂದು ತೆರೆದ ಬಾಯಿ ಹಾಗೇ ಉಳಿಯಿತು.

ಆಗ ಕಾಕಾ ಹಿಂದಿನಿಂದ ನನ್ನ ಹೆಗಲು ಹಿಡಿದು ಮುಂದಿನ ಸಾಲಿಗೆ ತಿರುಗಿಸಿದ. ನಿಂತವರ ಸಾಲಿನ ನಡುವೆ ಒಂದು ಹಲ್ಲು ಬಿದ್ದ ಹಾಗೆ ಖಾಲಿ ಜಾಗ. ಆ ಜಾಗದಲ್ಲಿ, ಕುರ್ಚಿಯ ಮೇಲೆ ಎರಡೂ ಕಾಲು ಮಡಚಿಕೊಂಡು, ಬೆನ್ನು ಪೂರ್ತಿ ಆನಿಸಿ, ಮುತ್ಯಾ ಕೂತಿದ್ದ. ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಅತ್ತಿತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ತಲೆ ಎತ್ತಿ ನೋಡುತ್ತಿದ್ದ.

ನಾವು ಇಳಿದು ಓಡಿದೆವು, ಮೇಡಂ ಕೂಡ ಬಂದರು. ನಾನೇ ಕೇಳಿದೆ, "ಮುತ್ಯಾ, ಎಲ್ಲಾರೂ ಎದ್ದು ನಿಂತ್ರು. ನೀ ಯಾಕ ಏಳಲಿಲ್ಲ? ಚಲೋ ಆಗಲಿಲ್ಲೇನು?"

"ಚಲೋ ಆಯ್ತು," ಅಂದ. ಕಾಕಾನ ಕಡೆ ನೋಡಿ, "ನಿಂದೂ ಚಲೋ ಆಯ್ತು," ಅಂದ. ಕಾಕಾ ಕ್ಲಾರ್ನೆಟ್ಟನ್ನು ಒರೆಸಿದ್ದನ್ನೇ ಒರೆಸತೊಡಗಿದ.

"ಮತ್ತ?"

"ಆ ಸಪ್ಪಳ ಆದಾಗೆಲ್ಲ ನಾ ನಿಂತಿದ್ದೆ ಮಗಾ, ಊರ ಕುಂತಿತ್ತು. ಇವತ್ತ ಊರ ನಿಂತದ. ನನಗ ಜರಾ ಕುಂದರಲಾಕ ಬಿಡು."

ಜನ ಚಾಪೆ ಸುತ್ತಿಕೊಂಡರು, ಟ್ರ್ಯಾಕ್ಟರುಗಳು ಹೊರಟವು, ಬಸಣ್ಣ ಕುರ್ಚಿ ಒಟ್ಟುತ್ತ ಬಂದು ನಮ್ಮ ಸಾಲು ಬಿಟ್ಟು ಮುಂದೆ ಹೋದ. ಮುತ್ಯಾ ಏಳಲಿಲ್ಲ. ಅವನಾಗಿ ಏಳುವವರೆಗೆ ನಾವು ಮೂವರೂ ಅವನ ಮುಂದೆ ನಿಂತೇ ಇದ್ದೆವು.